ಕೊನೆಯ ಹದಿನಾರು ಪುಟ

ಆ ದಿನ ಬೆಳಿಗ್ಗೆ ಹತ್ತೂಕಾಲಿಗೆ ಲೈಬ್ರರಿಯ ಬೈಂಡರ್ ತನ್ನ ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಎಂದೂ ಮಾಡದ ಒಂದು ಕೆಲಸ ಮಾಡಿದ. ಓದಿದ. ಎಡವಟ್ಟು ಶುರುವಾದದ್ದು ಅಲ್ಲಿಂದಲೇ.

ಬೈಂಡರ್ ಆದವನು ಓದಕೂಡದು ಎಂದು ಅವನಿಗೆ ಕೆಲಸ ಕಲಿಸಿದ ಮುದುಕ ಕಟ್ಟಪ್ಪಣೆ ಮಾಡಿದ್ದ. ಓದುತ್ತಾ ಕೂತರೆ ಅಂಟು ಒಣಗುತ್ತದೆ. ಪುಟದ ನಂಬರು ನೋಡು, ಸಾಲಾಗಿ ಜೋಡಿಸು, ಹೊಲಿ, ರಟ್ಟು ಹಾಕು, ಮುಂದಿನದು ತೆಗೆ. ಹೀಗಾಗಿ ಸಾವಿರಾರು ಪುಸ್ತಕ ಅವನ ಕೈ ದಾಟಿ ಹೋಗಿದ್ದರೂ ಒಂದರ ಕತೆಯೂ ಅವನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲವಲ್ಲ ಎಂಬ ಕೊರಗೂ ಇರಲಿಲ್ಲ. ಅಡುಗೆ ಭಟ್ಟನಿಗೆ ಬಡಿಸಿದ್ದನ್ನೆಲ್ಲ ತಿನ್ನುವ ಚಪಲ ಇರುವುದಿಲ್ಲವಲ್ಲ, ಹಾಗೆ.

ಇಪ್ಪತ್ತೆರಡು ವರ್ಷವಾದರೂ ಅವನು ತಾತ್ಕಾಲಿಕ ನೌಕರ. ಪ್ರತಿ ವರ್ಷ ಇದೇ ತಾರೀಕಿಗೆ ಲೈಬ್ರರಿಯನ್ ಮೇಡಂ ಒಂದು ಹಾಳೆಗೆ ಸಹಿ ಹಾಕಿದರೆ ಇನ್ನೊಂದು ವರ್ಷ ತಾತ್ಕಾಲಿಕ. ಹಾಕದಿದ್ದರೆ ಭಾವಮೈದುನನ ಝೆರಾಕ್ಸ್ ಅಂಗಡಿ. ಅಲ್ಲಿ ಹಾಳೆಗೆ ತೂತು ಹೊಡೆದು ಪ್ಲಾಸ್ಟಿಕ್ ಸುರುಳಿ ತುರುಕುವುದನ್ನೂ ಬೈಂಡಿಂಗ್ ಎನ್ನುತ್ತಾರೆ. ಸೂಜಿ ದಾರದಲ್ಲಿ ಬದುಕಿದ ಮನುಷ್ಯನಿಗೆ ಅದಕ್ಕಿಂತ ದೊಡ್ಡ ಅವಮಾನ ಇಲ್ಲ. ಭಾವಮೈದುನ ಸಿಕ್ಕಾಗಲೆಲ್ಲ "ಒಂದು ಸ್ಟೂಲು ಖಾಲಿ ಇಟ್ಟಿದೀನಿ ಭಾವಾ" ಎನ್ನುತ್ತಿದ್ದ. ಅವತ್ತು ಬೆಳಿಗ್ಗೆ ಹೆಂಡತಿ ಚಪ್ಪಲಿ ಮೆಟ್ಟುವವರೆಗೂ ಬಿಡದೆ, "ಸಹಿ ಹಾಕಿಸ್ಕೊಂಡೇ ಬನ್ನಿ. ಮೇಡಂ ಎದುರಿಗೆ ಜಾಸ್ತಿ ಮಾತಾಡ್ಬೇಡಿ" ಎಂದು ಹೇಳಿ ಕಳಿಸಿದ್ದಳು.

ಅವನಿಗೆ ಓದುವ ಗತಿ ತಂದಿಟ್ಟವಳು ಕೌಂಟರಕ್ಕ. ಪುಸ್ತಕ ಕೊಡುವ, ತೆಗೆದುಕೊಳ್ಳುವ ಕೌಂಟರಿನಲ್ಲಿ ಕೂತಿರುವ ಈಕೆಗೆ ಊರ ಉಸಾಬರಿಯೆಲ್ಲ ಬೇಕು.

"ಬೈಂಡರೇ, ನಿಮ್ಮ ಅಕ್ಷರ ಮುತ್ತಿನ ಹಾಗಿದೆ. ಸಾಯಂಕಾಲ ಕಾದಂಬರಿಕಾರರು ಬರ್ತಿದಾರಲ್ಲ, ಓದುಗರ ಅಭಿಪ್ರಾಯಾನೆಲ್ಲ ಈ ರಿಜಿಸ್ಟರಿಂದ ದೊಡ್ಡ ಹಾಳೆಗೆ ಬರೆದುಕೊಡಿ. ಗೋಡೆಗೆ ಅಂಟಿಸೋದು."

ಆ ಲೈಬ್ರರಿಯಲ್ಲಿ ಒಂದು ಪದ್ಧತಿ ಇತ್ತು. ಪುಸ್ತಕ ಹಿಂದಿರುಗಿಸುವವರು ರಿಜಿಸ್ಟರಿನಲ್ಲಿ ನಾಲ್ಕು ಸಾಲು ಅಭಿಪ್ರಾಯ ಬರೆಯಬೇಕು. ವರ್ಷಕ್ಕೊಮ್ಮೆ ಅತಿ ಹೆಚ್ಚು ಅಭಿಪ್ರಾಯ ಬಂದ ಪುಸ್ತಕದ ಲೇಖಕರನ್ನು ಕರೆಸಿ ಹಾರ ಹಾಕುತ್ತಿದ್ದರು. ಈ ವರ್ಷ ಗೆದ್ದದ್ದು 'ಕೊಪ್ಪರಿಗೆಯ ಕಾವಲು' ಎಂಬ ಹಳೆಯ ಕಾದಂಬರಿ. ಒಬ್ಬ ಹುಡುಗ, ಒಬ್ಬಳು ಹುಡುಗಿ, ಹಾಳು ಕೋಟೆ, ಹೂತಿಟ್ಟ ನಿಧಿ, ಬೆನ್ನು ಹತ್ತಿದ ಕೊಲೆಗಾರ. ಇಪ್ಪತ್ತು ವರ್ಷ ಕಪಾಟಿನಲ್ಲಿ ಧೂಳು ತಿಂದ ಪುಸ್ತಕ. ಹೋದ ವರ್ಷ ಬೈಂಡರ್ ಹೊಸ ರಟ್ಟು ಹಾಕಿಕೊಟ್ಟದ್ದೇ ತಡ, ನಲವತ್ತೊಂದು ಜನ ಓದಿ ಹೊಗಳಿದ್ದರು. ಎಲ್ಲರೂ ಹೊಗಳಿದ್ದು ಕೊನೆಯನ್ನು.

ಬೈಂಡರ್ ಸ್ಕೆಚ್ ಪೆನ್ನು ಹಿಡಿದು ಬರೆಯತೊಡಗಿದ.

'ಪ್ರೇಮ, ರಹಸ್ಯ, ನಿಧಿ ಮೂರೂ ಇರುವ ಕಾದಂಬರಿಗಳು ಬೇಕಾದಷ್ಟಿವೆ. ಆದರೆ ಕೊನೆಯಲ್ಲಿ ಭೂಮಿಯ ಪದರಗಳನ್ನೇ ಮಾತನಾಡಿಸಿದವರು ಇವರೊಬ್ಬರೇ.' ಇದು ಹಲ್ಲಿನ ಡಾಕ್ಟರದ್ದು.

'ಕಡೆಯ ಅಧ್ಯಾಯದಲ್ಲಿ ನಾಯಕಿಯ ಹೆಸರು ಒಮ್ಮೆಯೂ ಬರುವುದಿಲ್ಲ. ಆ ಮೌನದ ತುಂಬ ಅವಳೇ ಇದ್ದಾಳೆ.' ಇದು ಒಬ್ಬ ಗೃಹಿಣಿಯದ್ದು.

'ಇನ್ನೂರ ಐದನೇ ಪುಟದ ಕೋಷ್ಟಕ ನೋಡಿ ಕಣ್ಣು ತುಂಬಿ ಬಂತು. ಎಷ್ಟು ಅಡಿ ಆಳಕ್ಕೆ ಎಷ್ಟು ದಪ್ಪದ ಹಗ್ಗ! ನಮ್ಮ ಸಂಬಂಧಗಳೂ ಹಾಗೇ ಅಲ್ಲವೇ?' ಇದು ಟ್ರಾಫಿಕ್ ಪೊಲೀಸಿನವರದ್ದು.

ಬೈಂಡರನ ಪೆನ್ನು ನಿಂತಿತು. ಕತೆ ಗೊತ್ತಿಲ್ಲದಿದ್ದರೇನು, ಕಾದಂಬರಿಯಲ್ಲಿ ಕೋಷ್ಟಕ ಇರುವುದಿಲ್ಲ ಎಂಬಷ್ಟು ಅವನಿಗೂ ಗೊತ್ತಿತ್ತು. ಕೋಷ್ಟಕ ಇದ್ದ ಪುಸ್ತಕವೊಂದನ್ನು ಅದೇ ವಾರ ಹೊಲಿದಿದ್ದ. 'ಬಾವಿ ತೋಡುವವರ ಕೈಪಿಡಿ.' ಎರಡೂ ಒಂದೇ ಅಳತೆ, ಒಂದೇ ಹಳದಿ ಕಾಗದ. ಎರಡಕ್ಕೂ ರಟ್ಟು ಹಾರಿಹೋಗಿತ್ತು. ಎರಡೂ ಹದಿನಾರು ಪುಟದ ಹದಿಮೂರು ಮಡಿಕೆ, ಎರಡೂ ಮುಗಿಯುವುದು ಇನ್ನೂರ ಎಂಟನೇ ಪುಟಕ್ಕೆ. ಅವನು ನಂಬರು ನೋಡಿ ಜೋಡಿಸಿದ್ದ. ನಂಬರು ಸರಿಯಾಗಿಯೇ ಇತ್ತು. ಇದರ ಕೊನೆಯ ಮಡಿಕೆ ಅದಕ್ಕೆ, ಅದರದ್ದು ಇದಕ್ಕೆ ಹೋಗಿತ್ತು, ಅಷ್ಟೇ.

ಸಾಯಂಕಾಲ ಐದೂವರೆಗೆ ಪುಸ್ತಕ ಬರೆದ ಮನುಷ್ಯನೇ ಬಂದು ಕೂರುತ್ತಾನೆ. ಅವನ ಕಾದಂಬರಿ ಬಾವಿಗೆ ಬಿದ್ದದ್ದು ಗೊತ್ತಾದರೆ ಮೇಡಂ ಸಹಿ ಹಾಕಿದ ಹಾಗೇ.

"ಕೌಂಟರಕ್ಕಾ, ಕೊಪ್ಪರಿಗೆ ಎಲ್ಲಿದೆ?"

"ಮೇಷ್ಟ್ರ ಮನೇಲಿ. ಸಾಯಂಕಾಲ ಅವರದ್ದೇ ಭಾಷಣ. ಯಾಕೆ, ಮುಖ ಯಾಕೆ ಹಾಗಾಯ್ತು?"

"ಬಾವಿ ಕೈಪಿಡಿ?"

"ಪಂಪಣ್ಣ ಒಯ್ದಿದಾನೆ. ಆರು ಸಲ ರಿನ್ಯೂ ಮಾಡಿಸಿದಾನೆ. ಯಾಕ್ರೀ? ಏನಾಯ್ತು? ಹೇಳ್ಬಾರ್ದಾ?"

ಬೈಂಡರ್ ಹೇಳದೆ ಓಡಿದ. ಉಳಿದ ಅಭಿಪ್ರಾಯಗಳನ್ನು ಕೌಂಟರಕ್ಕ ಗೊಣಗುತ್ತಾ ತಾನೇ ಬರೆದಳು.

ರಿಟೈರಾದ ಮೇಷ್ಟ್ರು ಜಗಲಿಯಲ್ಲಿ ಕೂತು ಪೆನ್ಸಿಲಿನಿಂದ ಗೆರೆ ಎಳೆಯುತ್ತಿದ್ದರು.

"ಸಾರ್, ಪುಸ್ತಕದ ಬೆನ್ನು ಸಡಿಲ ಆಗಿದೆ ಅಂತ ಕಂಪ್ಲೇಂಟ್ ಬಂದಿದೆ. ಒಂದು ಗಳಿಗೆ ಕೊಟ್ರೆ ಹೊಲ್ದು ತಂದುಕೊಡ್ತೀನಿ."

"ಬೆನ್ನು ಗಟ್ಟಿಯಾಗೇ ಇದೆ ಕಣಯ್ಯಾ. ಇಲ್ಲಿ ಕೂತ್ಕೋ, ಇದನ್ನ ಕೇಳು. ನಾಯಕ ಕೋಟೆ ಹಿಂದೆ ನಿಂತಿದಾನೆ. ಕೊಲೆಗಾರ ಬರ್ತಿದಾನೆ. ನೂರಾ ತೊಂಬತ್ತೆರಡನೇ ಪುಟದ ಕಡೇ ಸಾಲು: 'ಅವನು ಗುದ್ದಲಿ ಎತ್ತಿ ಮೊದಲ ಪೆಟ್ಟು ಹಾಕಿದ.' ಪುಟ ತಿರುಗಿಸು. 'ಮೊದಲ ಮೂರಡಿ ಮೇಲ್ಮಣ್ಣು ಬರುತ್ತದೆ. ಅವಸರ ಮಾಡಬಾರದು. ಅವಸರ ಮಾಡಿದರೆ ಗೋಡೆ ಕುಸಿಯುತ್ತದೆ.' ಆಹಾ! ನಲವತ್ತು ವರ್ಷ ಸಂಸಾರ ಮಾಡಿ ನಂಗೆ ಹೊಳೀದೇ ಇದ್ದದ್ದನ್ನ ಮೂರು ವಾಕ್ಯದಲ್ಲಿ ಹೇಳ್ಬಿಟ್ಟಿದಾನೆ ಪುಣ್ಯಾತ್ಮ!"

ಒಳಗಿನಿಂದ ಮೇಷ್ಟ್ರ ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದರು. "ಅದನ್ನ ಓದಿದ ಮೇಲೆ ಇವರು ಜಗಳಕ್ಕೆ ಬರೋದೇ ಬಿಟ್ಟಿದಾರಪ್ಪ. ಬೆನ್ನಾದ್ರೂ ಹೊಲಿ, ಏನಾದ್ರೂ ಮಾಡು, ಒಳಗಿಂದು ಮಾತ್ರ ಮುಟ್ಬೇಡ."

ಬೈಂಡರ್ ತಲೆಯಾಡಿಸಿದ. ಆದರೂ ಲೇಖಕರ ಕೈಗೆ ಸಡಿಲು ಪುಸ್ತಕ ಕೊಟ್ಟರೆ ಮರ್ಯಾದೆ ಯಾರದ್ದು ಹೋಗುತ್ತದೆ ಎಂದು ಏನೇನೋ ಹೇಳಿ, ಐದೂವರೆಯೊಳಗೆ ಸಭೆಗೇ ತಂದುಕೊಡುವೆನೆಂದು ಮಾತು ಕೊಟ್ಟು, ಪುಸ್ತಕವನ್ನು ಕಂಕುಳಲ್ಲಿ ಅವುಚಿಕೊಂಡು ಹೊರಬಿದ್ದ.

ಪಂಪಣ್ಣನ ಮನೆ ನಾಲ್ಕು ಬೀದಿ ಆಚೆ. ಬಾವಿ ತೋಡುವುದು, ಹೂಳೆತ್ತುವುದು, ಪಂಪ್ ರಿಪೇರಿ ಅವನ ಕಸುಬು. ಅಂಗಳದಲ್ಲಿ ಹಗ್ಗದ ಸುರುಳಿಗಳು, ರಾಟೆ, ಎರಡು ಟ್ರಂಕು. ಗಂಡ ಹೆಂಡತಿ ಎಲ್ಲಿಗೋ ಹೊರಟಂತಿತ್ತು.

"ಮೂರು ವಾರ ಹೊರಗಡೆ ಕೆಲಸ. ಐದು ಗಂಟೆ ಬಸ್ಸು," ಎಂದ ಪಂಪಣ್ಣ. "ಕೈಪಿಡಿನಾ? ಅದು ನಮ್ಮ ಜೊತೇಲೇ ಬರುತ್ತೆ."

"ಐದರೊಳಗೆ ವಾಪಸ್ ಕೊಡ್ತೀನಿ. ಸ್ವಲ್ಪ ಹೊಲಿಗೆ ನೋಡ್ಬೇಕು."

"ಅಣ್ಣಾ, ಇಪ್ಪತ್ತು ವರ್ಷದಿಂದ ಬಾವಿಗೆ ಇಳೀತಿದೀನಿ. ಕೆಳಗೆ ಇಳಿದವನ ಮನಸ್ಸಲ್ಲಿ ಏನಿರುತ್ತೆ ಅಂತ ಯಾವ ಪುಸ್ತಕದಲ್ಲೂ ಬರೆದಿರ್ಲಿಲ್ಲ. ಇವನು ಬರೆದಿದಾನೆ. 'ಬಾವಿಗೆ ಇಳಿದವನು ಮೇಲೆ ಹಗ್ಗ ಹಿಡಿದವರಿಗೆ ಕೂಗಿ ಹೇಳಬೇಕಾದ ಮಾತುಗಳು' ಅಂತ ಒಂದು ಪುಟ ಮುಗಿಯುತ್ತೆ. ಮುಂದಿನ ಪುಟದಲ್ಲಿ ಏನಿದೆ ಗೊತ್ತಾ?"

ಹೇಳಿದ್ದು ಅವನ ಹೆಂಡತಿ. ಕಣ್ಣು ಮುಚ್ಚಿಕೊಂಡು ಬಾಯಿಪಾಠ ಒಪ್ಪಿಸಿದಳು. "'ನೀನಿಲ್ಲದ ಮೇಲೆ ಈ ಕೊಪ್ಪರಿಗೆ ನನಗೇತಕ್ಕೆ? ನನ್ನ ನಿಧಿ ನೀನೇ!'"

"ಈಗ ನಾನೂ ಕೆಳಗಿಂದ ಹಾಗೇ ಕೂಗ್ತೀನಿ," ಎಂದ ಪಂಪಣ್ಣ ತುಸು ನಾಚಿ. "ಮೇಲೆ ಇವಳು ಹಗ್ಗ ಗಟ್ಟಿಯಾಗಿ ಹಿಡೀತಾಳೆ. ಟೆಕ್ನಿಕಲ್ ಪುಸ್ತಕ ಅಂದ್ರೆ ಹೀಗಿರ್ಬೇಕು."

ಬೈಂಡರ್ ಅವರ ಹರಿದುಹೋದ ಮದುವೆ ಆಲ್ಬಮನ್ನು ಪುಕ್ಕಟೆ ಹೊಲಿದುಕೊಡುವೆನೆಂದ ಮೇಲೆ ಕೈಪಿಡಿ ಕೈಗೆ ಬಂತು. ಅಷ್ಟರಲ್ಲಿ ಗಂಟೆ ಎರಡು.

ಬೈಂಡಿಂಗ್ ಕೋಣೆಯ ಬಾಗಿಲು ಹಾಕಿಕೊಂಡು ಕೂತ. ತಾನೇ ಹಾಕಿದ ಹೊಲಿಗೆಯನ್ನು ತಾನೇ ಬಿಚ್ಚುವುದು ಅವನಿಗೆ ತನ್ನ ಹಲ್ಲನ್ನು ತಾನೇ ಕಿತ್ತುಕೊಂಡ ಹಾಗಾಯಿತು. ಹೊಲಿಗೆ ಅಷ್ಟು ಗಟ್ಟಿಯಾಗಿತ್ತು. ಕೊನೆಯ ಮಡಿಕೆಗಳನ್ನು ಬಿಡಿಸಿ, ಅದಲು ಬದಲು ಮಾಡಿ, ದಬ್ಬಳದಲ್ಲಿ ತೂತು ಹಾಕಿ ಹೊಲಿದ. ಬೆನ್ನಿಗೆ ಅಂಟು ಬಳಿದ. ಈ ನಡುವೆ ಕೌಂಟರಕ್ಕ ಮೂರು ಸಲ ಬಾಗಿಲು ಬಡಿದಳು. ಮೊದಲ ಸಲ ಟೀ ಕುಡಿಯುತ್ತೀರಾ ಎಂದು. ಎರಡನೇ ಸಲ ಟೀ ತಣ್ಣಗಾಯಿತು ಎಂದು. ಮೂರನೇ ಸಲ ಬಾಗಿಲು ಯಾಕೆ ಹಾಕಿಕೊಂಡಿದ್ದೀರಿ ಎಂದು ಮೇಡಂ ಕೇಳುತ್ತಿದ್ದಾರೆಂದು. ಬಾಗಿಲು ತೆಗೆದರೆ, ಹೇಳಿ ಕಳಿಸಿದವರು ಹಿಂದೆಯೇ ಬಂದು ನಿಂತಿದ್ದರು.

"ಏನ್ರೀ ಇದು?" ಎಂದರು ಮೇಡಂ.

"ಬೆನ್ನು ಮೇಡಂ. ಕಾದಂಬರಿಕಾರರಿಗೆ ತೋರಿಸೋಕೆ, ಸ್ವಲ್ಪ ಗಟ್ಟಿ ಮಾಡ್ತಿದ್ದೆ."

ಮೇಡಂ ಮುಖ ಅರಳಿತು. "ನೋಡಿ, ಇದನ್ನ ಶ್ರದ್ಧೆ ಅನ್ನೋದು. ನಿಮ್ಮ ಹಾಳೆ ಫೈಲಲ್ಲೇ ಇದೆ. ಕಾರ್ಯಕ್ರಮ ಮುಗಿದ ಕೂಡ್ಲೇ ಸಹಿ ಹಾಕ್ಬಿಡ್ತೀನಿ."

ಬೈಂಡರನಿಗೆ ಹೋದ ಜೀವ ಬಂದಂತಾಯಿತು. ಐದಕ್ಕೆ ಐದು ನಿಮಿಷವಿರುವಾಗ ಬಸ್ ಸ್ಟ್ಯಾಂಡಿಗೆ ಓಡಿ, ಕಾಗದ ಸುತ್ತಿ ದಾರ ಕಟ್ಟಿದ ಕೈಪಿಡಿಯನ್ನು ಕಿಟಕಿಯಿಂದ ಪಂಪಣ್ಣನ ಕೈಗೆ ಕೊಟ್ಟ. "ಮೂರು ದಿನ ದಾರ ಬಿಚ್ಬೇಡಿ, ಅಂಟು ಒಣಗ್ಬೇಕು" ಎಂದ. ಬಸ್ಸು ಹೊರಟಿತು. ತಪ್ಪು ಮಾಡಿದ್ದೂ ಯಾರಿಗೂ ಗೊತ್ತಾಗಲಿಲ್ಲ, ತಿದ್ದಿದ್ದೂ ಯಾರಿಗೂ ಗೊತ್ತಾಗಲಿಲ್ಲ ಎಂದು ಅವನಿಗೆ ತನ್ನ ಬಗ್ಗೆಯೇ ಅಭಿಮಾನ ಉಕ್ಕಿ ಬಂತು. ದಾರಿಯುದ್ದಕ್ಕೂ ಸಿಳ್ಳೆ ಹಾಕುತ್ತಾ ಹಿಂದಿರುಗಿದ.

ಕಾದಂಬರಿಕಾರರು ಬಂದಿದ್ದರು. ಬೆಳ್ಳಗಿನ ಕೂದಲು, ಇಸ್ತ್ರಿಯಾದ ಶರ್ಟು, ಜೇಬಿನಲ್ಲಿ ಎರಡು ಪೆನ್ನು. ಗೋಡೆಯ ಮೇಲಿನ ಅಭಿಪ್ರಾಯಗಳ ಮುಂದೆ ನಿಂತು ಓದುತ್ತಿದ್ದರು. ಕೋಷ್ಟಕದ ಸಾಲಿಗೆ ಬಂದಾಗ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಓದಿದರು. ಆಮೇಲೆ ಮೇಲೆ ಬರೆದಿದ್ದ ಕಾದಂಬರಿಯ ಹೆಸರು ತಮ್ಮದೇ ಹೌದೋ ಎಂದು ಬೆರಳಿಟ್ಟು ನೋಡಿದರು. ಬೈಂಡರನ ಸಿಳ್ಳೆ ಅಲ್ಲಿಗೆ ನಿಂತಿತು. ಪುಸ್ತಕ ತಿದ್ದುವ ಗಡಿಬಿಡಿಯಲ್ಲಿ ಓದಿದವರನ್ನು ಅವನು ಮರೆತೇಬಿಟ್ಟಿದ್ದ.

ಐವತ್ತು ಕುರ್ಚಿ ತುಂಬಿತು. ಹಾರ, ಸ್ವಾಗತ ಮುಗಿದು ಮೇಷ್ಟ್ರು ಎದ್ದರು.

"ನಿಧಿ ಹುಡುಕೋ ಕತೆ ಅಂದ್ರೆ ಕೊನೆಗೆ ಪೆಟ್ಟಿಗೆ ಸಿಗುತ್ತೆ, ವಜ್ರ ಹೊಳೆಯುತ್ತೆ, ನಾಯಕ ನಾಯಕಿಗೆ ಮುತ್ತು ಕೊಡ್ತಾನೆ. ಇಂಥ ಕಳಪೆ ಕೊನೇನ ನಾವು ನೂರು ಸಲ ಓದಿದೀವಿ." ಲೇಖಕರು ಕುರ್ಚಿಯಲ್ಲಿ ಅಲುಗಾಡಿದರು. "ಆದ್ರೆ ಈ ಮಹಾನುಭಾವರು ಏನು ಮಾಡಿದ್ರು? ನಾಯಕ ಗುದ್ದಲಿ ಎತ್ತಿದ ಕೂಡ್ಲೇ ಅವನನ್ನೇ ಮರೆಸಿಬಿಟ್ರು! ಉಳಿದದ್ದು ಮಣ್ಣು. ಕೆಂಪು ಮಣ್ಣು, ಜೇಡಿ, ಗರಸು. ಎಲ್ಲರೂ ಬಂಗಾರಕ್ಕೆ ತೋಡಿದ್ರೆ ಇವರು ನೀರಿಗೆ ತೋಡಿದ್ರು! ನೀರು ಸಿಕ್ತಾ? ಅದನ್ನ ನಾನು ಹೇಳೋದಿಲ್ಲ. ಓದದವರಿಗೆ ರಸಭಂಗ ಆಗುತ್ತೆ."

ಚಪ್ಪಾಳೆಯೋ ಚಪ್ಪಾಳೆ. ಲೇಖಕರು ಏನೋ ಹೇಳಲು ಬಾಯಿ ತೆರೆದು, ಚಪ್ಪಾಳೆ ನಿಲ್ಲದ್ದನ್ನು ನೋಡಿ ಮುಚ್ಚಿದರು. ಹಲ್ಲಿನ ಡಾಕ್ಟರು ಎದ್ದು, ಈ ಕೊನೆಯನ್ನು ತಾನು ರೋಗಿಗಳಿಗೂ ಓದಿ ಹೇಳುತ್ತೇನೆ, ನೋವು ಕಡಿಮೆಯಾಗುತ್ತದೆ ಎಂದರು. ಟ್ರಾಫಿಕ್ ಪೊಲೀಸಿನವರಿಗೆ ಮಾತೇ ಹೊರಡಲಿಲ್ಲ. ಲೇಖಕರ ಬೆನ್ನು ಸ್ವಲ್ಪ ಸ್ವಲ್ಪವಾಗಿ ನೆಟ್ಟಗಾಯಿತು.

ಅವರು ಮೈಕಿನ ಮುಂದೆ ಬಂದಾಗ ಬೈಂಡರ್ ಹಿಂದಿನ ಸಾಲಿನಲ್ಲಿ ಪುಸ್ತಕ ಅವುಚಿಕೊಂಡು ಕೂತಿದ್ದ.

"ಇಪ್ಪತ್ತು ವರ್ಷ," ಎಂದರು ಲೇಖಕರು. "ಇಪ್ಪತ್ತು ವರ್ಷ ಕಾದಿದೀನಿ, ಈ ಕೊನೇನ ಅರ್ಥ ಮಾಡ್ಕೊಳ್ಳೋ ಒಬ್ಬ ಓದುಗನಿಗೆ. ಇವತ್ತು ನಲವತ್ತೊಂದು ಜನ ಸಿಕ್ಕಿದೀರಿ."

ಅಬ್ಬಾ, ಬಚಾವು ಎಂದುಕೊಂಡ ಬೈಂಡರ್. ಅಷ್ಟರಲ್ಲಿ ಕೌಂಟರಕ್ಕ ಎದ್ದು ನಿಂತಳು. "ಸಾರ್, ಆ ಕಡೇ ಪುಟಾನ ನಿಮ್ಮ ಬಾಯಲ್ಲೇ ಕೇಳ್ಬೇಕು. ಬೈಂಡರೇ, ಪುಸ್ತಕ ಕೊಡಿ!"

ಪುಸ್ತಕ ಕೈಯಿಂದ ಕೈಗೆ ದಾಟಿ ಹೋಯಿತು. ಲೇಖಕರು ಇನ್ನೂರ ಎಂಟನೇ ಪುಟ ತೆರೆದು, ಗಂಟಲು ಸರಿಮಾಡಿಕೊಂಡು ಶುರುಮಾಡಿದರು.

"'ಪೆಟ್ಟಿಗೆಯಲ್ಲಿ ವಜ್ರಗಳು ಮಿನುಗಿದವು. ಅವನು ಅವಳನ್ನು ಬರಸೆಳೆದು ಮುತ್ತಿಟ್ಟ...'"

ಜನ ಒಬ್ಬರ ಮುಖ ಒಬ್ಬರು ನೋಡಿದರು.

"ಇದ್ಯಾವುದು ಸಾರ್?" ಎಂದರು ಮೇಷ್ಟ್ರು.

ಲೇಖಕರು ಪುಟವನ್ನು ನೋಡಿದರು. ಸಭೆಯನ್ನು ನೋಡಿದರು. ಮತ್ತೆ ಪುಟವನ್ನು ನೋಡಿದರು. ತಮ್ಮ ಸ್ವಂತ ವಾಕ್ಯಗಳನ್ನು ಅಪರಿಚಿತರನ್ನು ನೋಡಿದ ಹಾಗೆ ನೋಡಿ, ಪುಸ್ತಕ ಮುಚ್ಚಿದರು.

"ಇದು ನಾನು ಬರೆದದ್ದಲ್ಲ."

ಒಮ್ಮೆಲೇ ಗದ್ದಲವೆದ್ದಿತು. ಮೇಷ್ಟ್ರು ಪುಸ್ತಕ ಕಿತ್ತುಕೊಂಡು ಹುಡುಕಿದರು. ಅವರು ಪೆನ್ಸಿಲಿನಲ್ಲಿ ಗೆರೆ ಎಳೆದ ಪುಟಗಳೇ ಮಾಯ! ಬೆಳಿಗ್ಗೆ ಇದ್ದವು, ಬೈಂಡರ್ ಬಂದು ಒಯ್ದಿದ್ದ ಎಂದರು. ಮಧ್ಯಾಹ್ನವೆಲ್ಲ ಬಾಗಿಲು ಹಾಕಿಕೊಂಡಿದ್ದರು ಎಂದು ಕೌಂಟರಕ್ಕ ಸೇರಿಸಿದಳು. ಮೇಡಂ ತಿರುಗಿ ನೋಡಿದರು.

ಬೈಂಡರ್ ಎದ್ದ. ನಿಜ ಹೇಳಿಬಿಟ್ಟರೆ ಉಳಿಯಬಹುದು ಎನ್ನಿಸಿತು. "ಮೇಡಂ, ಆ ಪುಟಗಳು ಬಾವಿ ತೋಡೋ ಕೈಪಿಡಿಯವು. ಹೋದ ವರ್ಷ ಕೈತಪ್ಪಿ ಇದಕ್ಕೆ ಹೊಲ್ದಿದ್ದೆ. ಇವತ್ತು ಸರಿ ಮಾಡ್ದೆ. ಈಗಿರೋದೇ ಇವರು ಬರೆದಿರೋದು. ನನ್ನಾಣೆಗೂ ಮೇಡಂ."

"ಅಂದ್ರೆ," ಎಂದರು ಹಲ್ಲಿನ ಡಾಕ್ಟರು ನಿಧಾನವಾಗಿ, "ನಾವು ನಲವತ್ತೊಂದು ಜನ ಬಾವಿ ಕೈಪಿಡಿ ಓದಿ ಅತ್ತದ್ದು ಅಂತೀರಾ?"

"ಹೌದು ಸಾರ್."

ಹಾಗೆಂದದ್ದೇ ತಪ್ಪಾಯಿತು. ಐವತ್ತು ಜನರ ಮುಖ ಕೆಂಪಾಯಿತು. ನಲವತ್ತು ವರ್ಷ ಪಾಠ ಮಾಡಿದವನಿಗೆ ಸಾಹಿತ್ಯ ಯಾವುದು, ಕೈಪಿಡಿ ಯಾವುದು ಗೊತ್ತಾಗೋದಿಲ್ವಾ ಎಂದು ಮೇಷ್ಟ್ರು ಗುಡುಗಿದರು. ಟ್ರಾಫಿಕ್ ಪೊಲೀಸಿನವರಿಗೆ ಈಗ ಮಾತು ಹೊರಟಿತು. ಆ ಮಾತುಗಳು ಇಲ್ಲಿ ಬರೆಯುವಂಥವಲ್ಲ.

"ಎಲ್ಲಿ ಆ ಕೈಪಿಡಿ? ತೋರ್ಸಿ," ಎಂದರು ಮೇಡಂ.

"ಐದು ಗಂಟೆ ಬಸ್ಸಲ್ಲಿ ಹೋಯ್ತು ಮೇಡಂ. ಮೂರು ವಾರ ಬಿಟ್ಟು ಬರುತ್ತೆ."

"ಪಾಪ, ಹೆದರಿಬಿಟ್ಟಿದಾನೆ, ಬಿಡಿ," ಎಂದರು ಲೇಖಕರು ಉದಾರವಾಗಿ. ಅವರ ದೊಡ್ಡ ಮನಸ್ಸಿಗೆ ಜನ ಮತ್ತೆ ಚಪ್ಪಾಳೆ ತಟ್ಟಿದರು.

ಮೇಡಂ ಫೈಲಿನಿಂದ ಆ ಹಾಳೆ ತೆಗೆದು, ಎಲ್ಲರಿಗೂ ಕಾಣುವಂತೆ ನಾಲ್ಕು ಮಡಿಕೆ ಮಾಡಿ ಬ್ಯಾಗಿಗೆ ಹಾಕಿಕೊಂಡರು. "ಆ ಪುಟ ಬಂದ ದಿನ ಸಹಿ."

"ಮೇಡಂ, ಒಪ್ಪಂದ ಇವತ್ತಿಗೇ ಮುಗಿಯುತ್ತೆ."

"ಗೊತ್ತು," ಎಂದರು ಮೇಡಂ.

ಬೈಂಡರ್ ತನ್ನ ಕೋಣೆಗೆ ಹೋಗಿ ದಬ್ಬಳ, ಕತ್ತರಿ, ದಾರದುಂಡೆಗಳನ್ನು ಚೀಲಕ್ಕೆ ತುಂಬತೊಡಗಿದ. ಕಣ್ಣು ಮಂಜಾಗಿ ಸೂಜಿ ಎರಡು ಸಲ ಕೈಗೆ ಚುಚ್ಚಿತು. ಆಗ ಬಾಗಿಲು ಸದ್ದಿಲ್ಲದೆ ತೆರೆಯಿತು. ಕಾದಂಬರಿಕಾರರು ಒಳಗೆ ಬಂದು, ಅತ್ತಿತ್ತ ನೋಡಿ, ಚಿಲಕ ಹಾಕಿದರು. ಕೊರಳಲ್ಲಿ ಹಾರ ಇನ್ನೂ ಹಾಗೇ ಇತ್ತು.

"ನೀವು ಹೇಳಿದ್ದು ನಿಜ," ಎಂದರು ಪಿಸುಮಾತಿನಲ್ಲಿ. "ಆ ವಜ್ರ, ಆ ಮುತ್ತು ಎಲ್ಲಾ ನಾನೇ ಬರೆದದ್ದು. ಅದನ್ನ ಓದಿ ನನ್ನ ಹೆಂಡ್ತಿನೇ ಆಕಳಿಸಿದ್ಲು. ಆಮೇಲೆ ನಾನು ಇನ್ನೊಂದು ಕಾದಂಬರಿ ಬರೀಲಿಲ್ಲ."

ಬೈಂಡರ್ ಅವರ ಎರಡೂ ಕೈ ಹಿಡಿದುಕೊಂಡ. "ಹಾಗಾದ್ರೆ ಈ ಮಾತನ್ನ ಮೇಡಂಗೆ ಒಂದ್ಸಲ ಹೇಳಿ ಸಾರ್. ನನ್ನ ಹೊಟ್ಟೆಪಾಡು. ನಿಮ್ಮ ಕಾಲಿಗೆ ಬೀಳ್ತೀನಿ."

"ಹೇಳ್ತೀನಿ. ಖಂಡಿತ ಹೇಳ್ತೀನಿ. ಇವತ್ತಲ್ಲ, ಇನ್ನೊಂದು ದಿನ." ಲೇಖಕರು ಸ್ಟೂಲು ಎಳೆದು ಕೂತು, ಜೇಬಿನಿಂದ ಪೆನ್ನು ತೆಗೆದು ಅಂಗೈಯ ಮೇಲೆ ಒಂದು ಚೀಟಿ ಇಟ್ಟುಕೊಂಡರು. "ಪುಸ್ತಕದಲ್ಲಿ ಇಲ್ಲದಿದ್ರೆ ಬೇಡ, ಆ ಕೊನೇನ ಬಾಯಲ್ಲೇ ಹೇಳಿ ಅಂತ ಹೊರಗೆ ಐವತ್ತು ಜನಾನೂ ಪಟ್ಟು ಹಿಡಿದು ಕೂತಿದಾರೆ. ಬಚ್ಚಲಿಗೆ ಹೋಗ್ಬರ್ತೀನಿ ಅಂತ ಬಂದಿದೀನಿ, ಟೈಮಿಲ್ಲ. ಬೇಗ ಹೇಳಿ ಬೈಂಡರೇ, ನನ್ನ ಕತೇಲಿ ಕೊನೆಗೆ ನೀರು ಸಿಗುತ್ತೋ, ಇಲ್ವೋ?"